ಫ್ರೆಂಚ್ ಭಾಷೆಯ ಭೂತ-ಸೋಪಾಧಿಕ ರೂಪ: ರಚನೆ, ಪ್ರಯೋಗ ಮತ್ತು ಫ್ಲೋಬೇರನ ಒಂದು ಅಧ್ಯಾಯ

ಕೆಲವು ವರ್ಷಗಳ ಹಿಂದೆ ನಮ್ಮ ಫ್ರೆಂಚ್ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಪುಟ್ಟ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಕೊಟ್ಟಿದ್ದೆವು. ವೃತ್ತಪತ್ರಿಕೆಗಳಲ್ಲಿ ದಿನವೂ ಕಾಣಸಿಗುವಂಥ ವಾಕ್ಯ ಅದು: 'ಲ ಬತೋ ಒರೆ ಕೂಲೇ.' ಒಬ್ಬಳ ಹೊರತು ಉಳಿದವರೆಲ್ಲರೂ 'ಹಡಗು ಮುಳುಗಿಹೋಗುತ್ತಿತ್ತು' ಎಂದು ಬರೆದರು. ಈ ಕನ್ನಡ ವಾಕ್ಯದ ಪ್ರಕಾರ ಹಡಗು ಮುಳುಗಲಿಲ್ಲ. ಯಾವುದೋ ಪುಣ್ಯದಿಂದ ಪಾರಾಯಿತು. ಫ್ರೆಂಚ್ ವಾಕ್ಯವು ಹೇಳುವುದಾದರೋ ಹಡಗು ಮುಳುಗಿಹೋಗಿದೆಯಂತೆ ಎಂದು. ದಡದಲ್ಲಿ ಕಾದು ನಿಂತಿರುವ ಬಂಧುಗಳಿಗೆ ಈ ಎರಡು ಮಾತುಗಳ ಅಂತರವೇನೆಂಬುದನ್ನು ವಿವರಿಸಬೇಕಾಗಿಲ್ಲ. ಸರಿಯಾಗಿ ಬರೆದ ವಿದ್ಯಾರ್ಥಿನಿಯನ್ನು ಕಾರಣ ಕೇಳಿದೆವು. 'ಇದು ಸುದ್ದಿಯಲ್ಲವೇ, ಅದಕ್ಕೆ ಅಂತೆ ಹಾಕಿದೆ' ಎಂದಳು. ಉಳಿದವರು ಇಂಗ್ಲಿಷಿನಲ್ಲಿ ಬರೆದ ವ್ಯಾಕರಣದಿಂದ 'ವುಡ್ ಹ್ಯಾವ್' ಎಂಬ ಒಂದೇ ಸಮೀಕರಣವನ್ನು ಕಲಿತು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕನ್ನಡಕ್ಕೆ ಬಂದಿದ್ದರು.

ಫ್ರೆಂಚರು 'ಕೊಂಡಿಸ್ಯೊನೆಲ್ ಪಾಸೇ' ಎಂದು ಕರೆಯುವ ಈ ಕ್ರಿಯಾರೂಪವನ್ನು ಪ್ರಕೃತ ಲೇಖನದಲ್ಲಿ ಭೂತ-ಸೋಪಾಧಿಕವೆಂದು ವ್ಯವಹರಿಸುತ್ತೇವೆ. ಒಂದು ಉಪಾಧಿಗೆ, ಎಂದರೆ 'ಹೀಗಾಗಿದ್ದರೆ' ಎಂಬ ನಿಬಂಧನೆಗೆ, ಒಳಪಟ್ಟ ಭೂತಕ್ರಿಯೆ ಎಂದು ಹೆಸರಿನ ಅರ್ಥ. ಹೆಸರು ಅಷ್ಟೇನೂ ಸಮರ್ಪಕವಲ್ಲವೆಂಬುದನ್ನು ಮೇಲಿನ ಹಡಗೇ ತೋರಿಸಿಕೊಟ್ಟಿದೆ; ಅಲ್ಲಿ ಉಪಾಧಿಯ ಸುಳಿವೇ ಇಲ್ಲ. ಆದರೂ ಬೇರೆ ಹೆಸರಿಲ್ಲದಿರುವುದರಿಂದ ಇದನ್ನೇ ಇಟ್ಟುಕೊಳ್ಳೋಣ.

ರಚನೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. 'ಅವ್ವಾರ್' ಅಥವಾ 'ಎತ್ರ್' ಎಂಬ ಸಹಾಯಕ ಧಾತುವಿನ ಸೋಪಾಧಿಕ ರೂಪದ ಮುಂದೆ ಮುಖ್ಯಧಾತುವಿನ ಭೂತಕೃದಂತವನ್ನು ಇಟ್ಟರೆ ಭೂತ-ಸೋಪಾಧಿಕ ಸಿದ್ಧವಾಗುತ್ತದೆ. 'ಅವ್ವಾರ್' ಧಾತುವಿಗೆ ಉತ್ತಮಪುರುಷ ಏಕವಚನದಿಂದ ಕ್ರಮವಾಗಿ ಒರೆ, ಒರೆ, ಒರೆ, ಒರ್ಯೋಂ, ಒರ್ಯೇ, ಒರೆ ಎಂದು ರೂಪಗಳು. 'ಎತ್ರ್' ಧಾತುವಿಗೆ ಸರೆ, ಸರೆ, ಸರೆ, ಸರ್ಯೋಂ, ಸರ್ಯೇ, ಸರೆ. 'ಜೊರೆ ಫೆ' ಎಂದರೆ ನಾನು ಮಾಡಿರುತ್ತಿದ್ದೆ. 'ಜ ಸರೆ ವನ್ಯು' ಎಂದರೆ ನಾನು ಬಂದಿರುತ್ತಿದ್ದೆ. ಹೋಗು, ಬರು, ಹೊರಡು, ತಲಪು, ಹುಟ್ಟು, ಸಾಯು ಮುಂತಾದ ಕೆಲವು ಅಕರ್ಮಕ ಧಾತುಗಳಿಗೂ ಎಲ್ಲ ಆತ್ಮಾರ್ಥಕ ಕ್ರಿಯೆಗಳಿಗೂ 'ಎತ್ರ್' ಸಹಾಯಕ, ಉಳಿದವುಗಳಿಗೆ 'ಅವ್ವಾರ್'. ಬರು, ಹೋಗು ಮುಂತಾದವುಗಳಲ್ಲಿ ಕೃದಂತವು ಕರ್ತೃವಿನ ಲಿಂಗವಚನಗಳನ್ನು ಅನುಸರಿಸುತ್ತದೆ. ಬಂದವಳು ಹೆಣ್ಣಾದರೆ ಬರವಣಿಗೆಯಲ್ಲಿ ಕೊನೆಗೊಂದು ಅಕ್ಷರ ಕೂಡುತ್ತದೆ, ಉಚ್ಚಾರಣೆಯಲ್ಲಿ ಏನೂ ಕೂಡುವುದಿಲ್ಲ. ನುಡಿದಂತೆ ಬರೆಯುವ ನಮ್ಮ ಲಿಪಿಯಲ್ಲಿ ಈ ಭೇದವನ್ನು ತೋರಿಸುವ ಉಪಾಯವೇ ಇಲ್ಲವೆಂಬುದು ನಮಗೆ ಯಾವಾಗಲೂ ಒಂದು ವಿನೋದವಾಗಿ ಕಂಡಿದೆ.

ಈ ಕೋಷ್ಟಕವನ್ನು ಕಂಠಪಾಠ ಮಾಡಿಸಿ ಮುಂದಕ್ಕೆ ಹೋಗುವುದು ನಮ್ಮ ಕಾಲೇಜುಗಳ ರೂಢಿ. ರೂಪವು ಹೇಗೆ ಹುಟ್ಟಿತೆಂಬುದನ್ನು ಒಂದು ಗಳಿಗೆ ನೋಡಿದರೆ ಕಂಠಪಾಠದ ಭಾರ ಅರ್ಧ ಇಳಿಯುತ್ತದೆ. ಫ್ರೆಂಚ್ ಸೋಪಾಧಿಕದ ಅಂಗವು ಭವಿಷ್ಯತ್ತಿನದು, ಅದರ ಪ್ರತ್ಯಯವು ಅಪೂರ್ಣಭೂತದ್ದು. ಅಂದರೆ ಭವಿಷ್ಯತ್ತನ್ನೇ ಭೂತಕಾಲಕ್ಕೆ ಒಯ್ದು ನಿಲ್ಲಿಸಿದ ರೂಪವಿದು. ಲ್ಯಾಟಿನ್ನಿನ ಆಡುಮಾತಿನಲ್ಲಿ 'ಕಾಂತಾರೆ ಹಬೇಬಮ್', ಎಂದರೆ 'ಹಾಡಲು ನನಗಿತ್ತು', ಎಂಬ ಜೋಡಿಪದವು ಸವೆದು ಕೂಡಿ ಫ್ರೆಂಚಿನ ಏಕಪದವಾಯಿತು. ಕನ್ನಡದ 'ಹಾಡಲಿದ್ದೆನು' ಎಂಬ ರೂಪವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ 'ಹೊಂದು' ಎಂಬರ್ಥದ ಧಾತು, ಇಲ್ಲಿ 'ಇರು' ಧಾತು. ಉಳಿದ ಕಟ್ಟಡವೆಲ್ಲ ಒಂದೇ. ಸಂಸ್ಕೃತವನ್ನು ಬಲ್ಲ ವಾಚಕರಿಗೆ ಇನ್ನೂ ಹತ್ತಿರದ ಸಾದೃಶ್ಯವೊಂದಿದೆ. ಪಾಣಿನಿಯ ಲೃಙ್ ಲಕಾರದ 'ಅಭವಿಷ್ಯತ್' ಎಂಬ ರೂಪದಲ್ಲಿಯೂ ಭವಿಷ್ಯತ್ತಿನ ಅಂಗಕ್ಕೆ ಭೂತಕಾಲದ ಅಡಾಗಮ ಮತ್ತು ಪ್ರತ್ಯಯಗಳು ಹತ್ತಿವೆ. ಅದರ ಅರ್ಥವನ್ನು ವೈಯಾಕರಣರು 'ಕ್ರಿಯಾತಿಪತ್ತಿ', ಎಂದರೆ ಕ್ರಿಯೆ ನಡೆಯದೆ ಹೋದುದು, ಎಂದು ನಿರ್ದೇಶಿಸಿದ್ದಾರೆ. ಪರಸ್ಪರ ಪ್ರಭಾವವಿಲ್ಲದೆ ಎರಡು ಭಾಷೆಗಳು ನಡೆಯದ ಕ್ರಿಯೆಯನ್ನು ಹೇಳಲು ಇದೇ ಉಪಾಯವನ್ನು ಹೂಡಿದುವು. ನಡೆಯದಿದ್ದುದೆಂದರೆ ಒಂದಾನೊಂದು ಕಾಲದಲ್ಲಿ ಇನ್ನೂ ಮುಂದೆ ಬರಲಿದ್ದುದು, ಬರದೆಯೇ ಉಳಿದುದು.

ಆದರೆ ಒಂದು ಭೇದವುಂಟು. ಲೃಙ್ ರೂಪವು ವಾಕ್ಯದ ಎರಡು ಅಂಗಗಳಲ್ಲಿಯೂ ಬರುತ್ತದೆ. ಫ್ರೆಂಚಿನಲ್ಲಿ 'ಸಿ' ಎಂಬ ಪಕ್ಷಾರ್ಥಕ ಅವ್ಯಯದ ಮುಂದೆ ಸೋಪಾಧಿಕವು ನಿಷಿದ್ಧ. ಅಲ್ಲಿ ಪೂರ್ವಭೂತವೇ ಬರಬೇಕು. 'ಸಿ'ಗಳಿಗೂ 'ರೆ'ಗಳಿಗೂ ಆಗದು ಎಂದು ಅಲ್ಲಿಯ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಕನ್ನಡದ ಮಕ್ಕಳಿಗೆ ಇದು ತಿರುಗುಮುರುಗಾಗಿ ಕೇಳಿಸುವುದು ಸಹಜ. ನಮ್ಮಲ್ಲಿ 'ರೆ' ಬರುವುದೇ 'ಸಿ' ಇರಬೇಕಾದ ಕಡೆ. 'ಸಿ ತ್ಯು ಮಾವೆ ಆಪ್ಲೇ, ಜ ಸರೆ ವನ್ಯು': ನೀನು ನನ್ನನ್ನು ಕರೆದಿದ್ದರೆ ನಾನು ಬಂದಿರುತ್ತಿದ್ದೆ. ಧ್ವನಿಯ ಆಕಸ್ಮಿಕವನ್ನು ಬಿಟ್ಟು ರಚನೆಯನ್ನು ಗಮನಿಸಿದರೆ ಎರಡು ವಾಕ್ಯಗಳೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿವೆ. 'ಕರೆದಿದ್ದರೆ' ಎಂಬುದು ಪೂರ್ವಭೂತಕ್ಕೆ 'ರೆ' ಸೇರಿದ ರೂಪ. 'ಬಂದಿರುತ್ತಿದ್ದೆ' ಎಂಬುದು ಭೂತಕೃದಂತಕ್ಕೆ ಸಹಾಯಕ ಧಾತು ಸೇರಿದ ರೂಪ. ಇಂಗ್ಲಿಷಿನ ನೆರವಿಲ್ಲದೆ ಕನ್ನಡದಿಂದ ನೇರವಾಗಿ ಇದನ್ನು ಕಲಿಸಬಹುದಾಗಿದೆ.

ಕಲಿಸಬಹುದಾಗಿದೆ ಎಂದಷ್ಟೇ ಅಲ್ಲ, ಕೆಲವು ಎಡೆಗಳಲ್ಲಿ ಹಾಗೆ ಕಲಿಸುವುದೇ ಸರಿಯಾದ ಮಾರ್ಗ. ಪಶ್ಚಾತ್ತಾಪವನ್ನೂ ಆಕ್ಷೇಪಣೆಯನ್ನೂ ಹೇಳುವ ವಾಕ್ಯಗಳನ್ನು ನೋಡಿ. 'ಇಲ್ ಒರೆ ಪ್ಯು ವನೀರ್' ಎಂಬಲ್ಲಿ ಭೂತತ್ವವು 'ಬಲ್ಲ, ಶಕ್ತನಾಗು' ಎಂಬರ್ಥದ ಧಾತುವಿನ ಮೇಲಿದೆ. 'ಬರು' ಧಾತುವು ಏನೂ ಬದಲಾಗದೆ ನಿಂತಿದೆ. ಕನ್ನಡದ 'ಬರಬಹುದಾಗಿತ್ತು' ಎಂಬುದರಲ್ಲಿಯೂ ಭೂತತ್ವವು 'ಬಹುದು' ಎಂಬುದಕ್ಕೇ ಅಂಟಿದೆ. ಇಂಗ್ಲಿಷಾದರೋ ಅದನ್ನು ಮುಖ್ಯಧಾತುವಿನ ಮೇಲೆ ಹೇರುತ್ತದೆ. 'ಬರಬೇಕಾಗಿತ್ತು' ಎಂಬುದಕ್ಕೂ ಇದೇ ಮಾತು ಸಲ್ಲುತ್ತದೆ. ಕನ್ನಡದ ವಿದ್ಯಾರ್ಥಿಯು ಇಂಗ್ಲಿಷನ್ನು ಹಾದು ಹೋಗಿ ಸಹಾಯಕ ಧಾತುವನ್ನು ತಪ್ಪಾದ ಕಡೆ ಇಡುವುದನ್ನು ಪ್ರತಿವರ್ಷವೂ ಉತ್ತರಪತ್ರಿಕೆಗಳಲ್ಲಿ ಕಾಣುತ್ತೇವೆ. ಮನೆಯ ಹಿತ್ತಿಲ ಬಾಗಿಲು ತೆರೆದಿದ್ದರೂ ಊರು ಸುತ್ತಿ ಬಂದಂತೆ.

ಎರಡನೆಯ ಪ್ರಯೋಗ, ಭೂತದಲ್ಲಿ ನಿಂತು ಮುಂದನ್ನು ನೋಡುವುದು. ಮಧ್ಯಾಹ್ನಕ್ಕೆ ಮೊದಲೇ ಹೊರಟುಹೋಗಿರುತ್ತೇನೆಂದು ಒಬ್ಬನು ನಿನ್ನೆ ಹೇಳಿದ್ದರೆ, ಫ್ರೆಂಚಿನಲ್ಲಿ ಆ 'ಹೊರಟುಹೋಗಿರುತ್ತೇನೆ' ಎಂಬುದು ಭೂತ-ಸೋಪಾಧಿಕವಾಗಿ ಮಾರ್ಪಡುತ್ತದೆ. ಕನ್ನಡಕ್ಕೆ ಈ ಮಾರ್ಪಾಡು ಬೇಕಿಲ್ಲ. ನಮ್ಮ 'ಎಂದು' ಎಂಬ ಅವ್ಯಯವು ಆಡಿದವನ ಮಾತನ್ನು ಆಡಿದ ಕಾಲದಲ್ಲಿಯೇ ಹಿಡಿದಿಡುತ್ತದೆ. ಇದು ದೊಡ್ಡ ಅನುಕೂಲವೆಂದು ತೋರುವುದು. ಆದರೆ ಫ್ರೆಂಚ್ ಕಾದಂಬರಿಕಾರನು 'ಎಂದು' ಇಲ್ಲದೆಯೇ ಪಾತ್ರದ ಮನಸ್ಸಿನ ಮಾತನ್ನು ಕಥನದಲ್ಲಿ ಬೆರೆಸಿದಾಗ ನಮಗೆ ಹಿಡಿಯಲು ಕೊಂಬೆಯೇ ಇರುವುದಿಲ್ಲ. ಇದನ್ನು ಮುಂದೆ ನೋಡುತ್ತೇವೆ.

ಮೂರನೆಯದು ನಮ್ಮ ಹಡಗಿನ ಪ್ರಯೋಗ. ವಾರ್ತೆಯನ್ನು ಕೊಡುವವನು ತಾನು ಅದಕ್ಕೆ ಹೊಣೆಯಲ್ಲವೆಂದು ಸೂಚಿಸಲು ಫ್ರೆಂಚಿನಲ್ಲಿ ಸೋಪಾಧಿಕವನ್ನು ಬಳಸುತ್ತಾನೆ. ಮಂತ್ರಿ ರಾಜೀನಾಮೆ ಕೊಟ್ಟಿದ್ದಾರಂತೆ, ಕಳ್ಳನು ಗಡಿ ದಾಟಿದನಂತೆ ಎಂಬ ಸುದ್ದಿಗಳಲ್ಲಿ ನಾವು 'ಅಂತೆ' ಹಾಕುವ ಎಡೆಯಲ್ಲೆಲ್ಲ ಅವರು 'ಒರೆ' ಹಾಕುತ್ತಾರೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಇದಕ್ಕೆ ಸಮನಾದ ರೂಪವಿಲ್ಲ. ಬೇರೆ ಪದಗಳನ್ನು ಕೂಡಿಸಿಕೊಳ್ಳಬೇಕು. ಹಾಗೆಂದು 'ಅಂತೆ'ಯೂ 'ಒರೆ'ಯೂ ಒಂದೇ ತೂಕದವೆಂದು ನಾವು ಹೇಳುವುದಿಲ್ಲ. ನಮ್ಮ 'ಅಂತೆ' ಕೇಳಿದ ಮಾತೆಂದಷ್ಟೇ ತಿಳಿಸಿ ಸುಮ್ಮನಾಗುತ್ತದೆ. ಅದು ಅಜ್ಜಿಯ ಕಥೆಯ ರಾಜನಿಗೂ ನೆರೆಮನೆಯ ಮದುವೆಗೂ ಸಲ್ಲುತ್ತದೆ. ಪತ್ರಿಕೆಯ 'ಒರೆ'ಯಲ್ಲಿ ಎಚ್ಚರಿಕೆಯ ಧ್ವನಿ ಹೆಚ್ಚು. ಆದರೆ ಮಕ್ಕಳ ಆಟದಲ್ಲಿ ಎರಡೂ ಮತ್ತೆ ಸಂಧಿಸುತ್ತವೆ. ಫ್ರೆಂಚ್ ಮಕ್ಕಳು ಪಾತ್ರಗಳನ್ನು ಹಂಚಿಕೊಳ್ಳುವಾಗ, ನಾನು ಪೋಲೀಸಿನವನು, ನೀನು ಕಳ್ಳ, ನೀನು ನನ್ನ ಕುದುರೆಯನ್ನು ಕದ್ದಿರುವೆ ಎಂಬುದನ್ನೆಲ್ಲ ಸೋಪಾಧಿಕದಲ್ಲಿ ಹೇಳುತ್ತಾರೆ. ನಮ್ಮ ಮಕ್ಕಳು ಜಗಲಿಯ ಮೇಲೆ ಕುಳಿತು 'ನಾನು ಅಮ್ಮ ಅಂತೆ, ನೀನು ಪಾಪು ಅಂತೆ' ಎನ್ನುವುದನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಹೀಗೆ ನಡೆಯದ ಕ್ರಿಯೆ, ಅಂದು ಮುಂದೆ ನಡೆಯಲಿದ್ದ ಕ್ರಿಯೆ, ನಡೆಯಿತೆಂದು ಕೇಳಿಬಂದ ಕ್ರಿಯೆ, ಈ ಮೂರಕ್ಕೂ ಫ್ರೆಂಚಿನಲ್ಲಿ ಒಂದೇ ರೂಪ. ಸೋಪಾಧಿಕವು ಪ್ರತ್ಯೇಕವಾದ ಅರ್ಥಪ್ರಕಾರವೋ ಅಥವಾ ನಿಶ್ಚಯಾರ್ಥದ ಒಂದು ಕಾಲವೋ ಎಂಬ ವೈಯಾಕರಣರ ವಿವಾದಕ್ಕೆ ಮೂಲವೂ ಇದೇ. ಮೊರಿಸ್ ಗ್ರೆವಿಸ್ ೧೯೩೬ರಲ್ಲಿ ಪ್ರಕಟಿಸಿದ ಪ್ರಸಿದ್ಧ ವ್ಯಾಕರಣವು ಇದನ್ನು ಪ್ರತ್ಯೇಕ ಪ್ರಕಾರವಾಗಿ ಎಣಿಸಿತ್ತು. ಆಂದ್ರೆ ಗೂಸ್ ಪರಿಷ್ಕರಿಸಿದ ಮುಂದಿನ ಆವೃತ್ತಿಗಳು ನಿಶ್ಚಯಾರ್ಥದೊಳಕ್ಕೆ ಸೇರಿಸಿಕೊಂಡುವು. ನಮ್ಮ ಮಟ್ಟಿಗೆ ಹೇಳುವುದಾದರೆ, ಈ ಮೂರನ್ನೂ ಹೆಣೆದಿರುವ ಎಳೆಯೊಂದು ಇದೆ: ವಕ್ತೃವು ತಾನು ನಿಂತ ನೆಲದಿಂದ ಕ್ರಿಯೆಗೆ ಸಾಕ್ಷಿ ನುಡಿಯುತ್ತಿಲ್ಲ. ಸಾಕ್ಷಿ ಬೇರೆಲ್ಲೋ ಇದೆ. ಒಂದು 'ಸಿ'ಯ ಆಚೆ, ಅಥವಾ ಹಿಂದಿನ ಯಾರದೋ ಮನಸ್ಸಿನಲ್ಲಿ, ಅಥವಾ ಪರರ ಬಾಯಿಯಲ್ಲಿ.

ಇದು ಬರಿಯ ವ್ಯಾಕರಣದ ಮಾತಲ್ಲವೆಂಬುದಕ್ಕೆ ಫ್ಲೋಬೇರನ 'ಮದಾಮ್ ಬೊವಾರಿ'ಯ ಮೊದಲನೆಯ ಭಾಗದ ಏಳನೆಯ ಅಧ್ಯಾಯವನ್ನು ಪರೀಕ್ಷಿಸೋಣ. ಕಾದಂಬರಿಯು ೧೮೫೬ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, ೧೮೫೭ರಲ್ಲಿ ಪುಸ್ತಕರೂಪ ತಾಳಿತು. ಆರನೆಯ ಅಧ್ಯಾಯದಲ್ಲಿ ಎಮ್ಮಾ ಕನ್ಯಾಮಠದಲ್ಲಿ ಕದ್ದು ಓದಿದ ಕಾದಂಬರಿಗಳ ಕಥೆ ಮುಗಿದಿದೆ. ಏಳನೆಯದರಲ್ಲಿ ಅವಳು ತೋಸ್ತ್ ಎಂಬ ಹಳ್ಳಿಯಲ್ಲಿ ವೈದ್ಯ ಶಾರ್ಲ್ ಬೊವಾರಿಯ ಹೆಂಡತಿ. ಅಧ್ಯಾಯದಲ್ಲಿ ಘಟನೆಗಳು ತೀರ ಕಡಮೆ. ನಡೆದುದಕ್ಕಿಂತ ನಡೆಯದಿದ್ದುದೇ ಅಲ್ಲಿ ವಸ್ತುವಾಗಿದೆಯೆನ್ನಬಹುದು.

ಮುಂದುವರಿಯುವ ಮೊದಲು ಒಂದು ವಿಷಯವನ್ನು ಹೇಳಿಬಿಡಬೇಕು. ಭೂತ-ಸೋಪಾಧಿಕಕ್ಕೆ 'ಎರಡನೆಯ ರೂಪ' ಎಂದು ಒಂದುಂಟು. ಅದು ನಿಜವಾಗಿ ಸುಬ್ಜೋಂಕ್ತಿಫ್ ಎಂಬ ಪ್ರಕಾರದ ಪೂರ್ವಭೂತ. ಒರೆ, ಸರೆಗಳ ಬದಲು ಅಲ್ಲಿ 'ಯು', 'ಫ್ಯು' ಎಂಬ ಸಹಾಯಕಗಳು ಬರುತ್ತವೆ. ಲೃಙ್ ರೂಪದಂತೆ ಇದು ವಾಕ್ಯದ ಎರಡು ಅಂಗಗಳಲ್ಲಿಯೂ, 'ಸಿ'ಯ ಮುಂದೆಯೂ ಬರಬಲ್ಲುದು. ಕ್ಲಿಯೋಪಾತ್ರಳ ಮೂಗನ್ನು ಕುರಿತ ಪಾಸ್ಕಲನ ಪ್ರಸಿದ್ಧ ವಾಕ್ಯದಲ್ಲಿ ಪೂರ್ವಾಂಗಕ್ಕೆ ಈ ರೂಪವೂ ಉತ್ತರಾಂಗಕ್ಕೆ ಮೊದಲನೆಯ ರೂಪವೂ ಬಂದಿವೆ. ಆಡುಮಾತಿನಿಂದ ಇದು ಮರೆಯಾಗಿ ಬಹುಕಾಲವಾಯಿತು. ಬರವಣಿಗೆಯಲ್ಲಿ ಮಾತ್ರ ಹಳೆಯ ಜರಿಯಂಚಿನಂತೆ ಆಗಾಗ ಮಿನುಗುತ್ತದೆ.

ಏಳನೆಯ ಅಧ್ಯಾಯವು ಈ ಎರಡನೆಯ ರೂಪದಿಂದಲೇ ಕಾವೇರುತ್ತದೆ. ಮದುವೆಯ ಮೊದಲ ದಿನಗಳ ಸವಿಯನ್ನು ಅನುಭವಿಸಲು ದೂರದ ನಾಡುಗಳಿಗೆ ಹೋಗಬೇಕಾಗಿತ್ತೆಂದು ಎಮ್ಮಾ ಯೋಚಿಸುವ ಕಡೆ 'ಬೇಕಾಗಿತ್ತು' ಎಂಬುದು 'ಯು' ಸಹಾಯಕದೊಡನೆ ಬಂದಿದೆ. ಅನಂತರ ಗಂಡನನ್ನು ಕುರಿತ ಒಂದು ವಾಕ್ಯ. ಅದರಲ್ಲಿ ಮೂರು 'ಸಿ'ಗಳು ಸಾಲುಗಟ್ಟಿವೆ: ಅವನಿಗೆ ಇಚ್ಛೆಯಿದ್ದಿದ್ದರೆ, ಊಹೆಯಿದ್ದಿದ್ದರೆ, ಅವನ ನೋಟವಾದರೂ ತನ್ನ ಮನಸ್ಸಿನ ಕಡೆಗೆ ತಿರುಗಿದ್ದರೆ ಎಂಬುದು ಅವುಗಳ ಸಾರ. ಮೊದಲನೆಯ 'ಸಿ'ಗೆ ಸಾಮಾನ್ಯವಾದ ಪೂರ್ವಭೂತ. ಎರಡನೆಯದಕ್ಕೂ ಮೂರನೆಯದಕ್ಕೂ 'ಫ್ಯು'. ಕೊನೆಯಲ್ಲಿ ಫಲವಾಕ್ಯವು ಮೊದಲನೆಯ ರೂಪದ 'ಸರೆ'ಯಿಂದ ಮುಗಿಯುತ್ತದೆ. ಪುನರುಕ್ತಿಯನ್ನು ತಪ್ಪಿಸಲು ಹೂಡಿದ ಉಪಾಯವೆಂದು ಇದನ್ನು ತಳ್ಳಿಹಾಕುವವರು ಇರಬಹುದು. ನಮಗೆ ಹಾಗೆ ತೋರುವುದಿಲ್ಲ. ಇಚ್ಛೆ ಶಾರ್ಲನ ಕೈಯಲ್ಲಿದ್ದುದು. ಊಹೆ ಅವನಿಗೆ ಶಕ್ತಿಮೀರಿದುದು. ಒಂದೊಂದು 'ಸಿ'ಯೂ ಸಂಭವದಿಂದ ದೂರ ಸರಿದಂತೆ ಕ್ರಿಯಾರೂಪವು ಆಡುಮಾತಿನಿಂದ ದೂರ ಸರಿಯುತ್ತದೆ. ಎಮ್ಮಾಳ ಭಾಷೆ ಅವಳು ಓದಿದ ಕಾದಂಬರಿಗಳ ಭಾಷೆಯಾಗುತ್ತದೆ.

ಇನ್ನೂ ಮುಖ್ಯವಾದುದು ಅಧ್ಯಾಯದ ನಡುವೆ ಬರುತ್ತದೆ. ನಾಯಿಮರಿಯೊಡನೆ ಹೊಲಗಳ ಕಡೆಗೆ ಹೋಗಿ ಹುಲ್ಲಿನ ಮೇಲೆ ಕುಳಿತು, ಏಕೆ ಮದುವೆಯಾದೆನೆಂದು ತನ್ನನ್ನೇ ಕೇಳಿಕೊಂಡ ಎಮ್ಮಾ, ವಿಧಿಯ ಆಟ ಬೇರೆಯಾಗಿದ್ದರೆ ಬೇರೊಬ್ಬನು ದೊರಕುತ್ತಿರಲಿಲ್ಲವೇ ಎಂದು ಕಲ್ಪಿಸತೊಡಗುತ್ತಾಳೆ. ಕ್ರಿಯಾಪದಗಳನ್ನು ಮಾತ್ರ ಒಂದೊಂದಾಗಿ ಎತ್ತಿ ನೋಡೋಣ. ಮೊದಲು 'ಒರೆ', ಬಳಿಕ ನಡೆಯದ ಆ ಘಟನೆಗಳನ್ನು ಹೇಳುವಾಗ ಎರಡನೆಯ ರೂಪ, ಬಳಿಕ, ಆ ಗಂಡ ಚೆಲುವನೂ ಚತುರನೂ ಆಗಿರಬಹುದಾಗಿತ್ತು ಎಂಬಲ್ಲಿ 'ಒರೆ ಪ್ಯು'. ಅಲ್ಲಿಂದ ಮನಸ್ಸು ಮಠದ ಗೆಳತಿಯರ ಗಂಡಂದಿರ ಕಡೆಗೆ ಹರಿಯುತ್ತದೆ. ಗೆಳತಿಯರು ಈಗ ಏನು ಮಾಡುತ್ತಿದ್ದರು? ಪಟ್ಟಣದ ಗದ್ದಲ, ನಾಟಕಶಾಲೆ, ನೃತ್ಯದ ದೀಪಗಳು. ಇಲ್ಲಿಯ ಕ್ರಿಯಾಪದಗಳೆಲ್ಲ ಅಪೂರ್ಣಭೂತ, ನಿಶ್ಚಯಾರ್ಥ. ಆ ಗೆಳತಿಯರ ಬಾಳು ಹೀಗಿತ್ತೆಂದು ಎಮ್ಮಾಳಿಗೆ ಹೇಳಿದವರು ಯಾರು? ಯಾರೂ ಇಲ್ಲ. ಆದರೆ ಸೋಪಾಧಿಕವು ಹಿಂದೆ ಬಿದ್ದಿದೆ. ಏರಿದ ಏಣಿಯನ್ನು ತೆಗೆದಿಟ್ಟಂತಾಗಿದೆ. ಮರುವಾಕ್ಯದಲ್ಲಿ ಅವಳ ಸ್ವಂತ ಬಾಳಿನ ಚಳಿಯೂ ಬೇಸರವೂ ಅದೇ ಅಪೂರ್ಣಭೂತದಲ್ಲಿ ಬರುತ್ತವೆ. ಕಲ್ಪಿತವಾದುದಕ್ಕೂ ನಿಜವಾದುದಕ್ಕೂ ಈಗ ಒಂದೇ ಕಾಲ, ಒಂದೇ ತೂಕ. ಈ ಹೆಣ್ಣಿನ ದುರಂತವೆಲ್ಲವೂ ಆ ಅರ್ಧ ಪುಟದ ಕ್ರಿಯಾಪದಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯ ಭಾಗದ ಹನ್ನೆರಡನೆಯ ಅಧ್ಯಾಯವು ಇದಕ್ಕೆ ಪುಷ್ಟಿ ಕೊಡುತ್ತದೆ. ಒಂದೇ ರಾತ್ರಿ ಗಂಡಹೆಂಡಿರಿಬ್ಬರೂ ಕನಸು ಕಾಣುತ್ತಾರೆ. ಮಗಳ ಭವಿಷ್ಯವನ್ನು ನೆನೆಯುವ ಶಾರ್ಲನ ಕನಸು ಬಹುಮಟ್ಟಿಗೆ ಸೋಪಾಧಿಕದಲ್ಲಿ ಸಾಗುತ್ತದೆ. ಖರ್ಚಿನ ಲೆಕ್ಕವೂ ಅದರಲ್ಲಿದೆ. ಪ್ರಿಯನೊಡನೆ ಓಡಿಹೋಗಲಿರುವ ಎಮ್ಮಾಳ ಕನಸು ಅಪೂರ್ಣಭೂತದಲ್ಲಿ ಓಡುತ್ತದೆ. ಅವಳಾಗಲೇ ಆ ನಾಡಿನಲ್ಲಿದ್ದಾಳೆ. ಯಾರನ್ನು ಮಂದಬುದ್ಧಿಯವನೆಂದು ಕಾದಂಬರಿಯು ನಗುತ್ತದೆಯೋ ಅವನ ವ್ಯಾಕರಣವೇ ಸರಿಯಾಗಿದೆ. ಫ್ಲೋಬೇರನ ಅಪೂರ್ಣಭೂತದ ಹೊಸತನವನ್ನು ಪ್ರೂಸ್ತನು ೧೯೨೦ರ ತನ್ನ ಲೇಖನದಲ್ಲಿ ಎತ್ತಿ ಹೇಳಿದ ಮೇಲೆ ವಿಮರ್ಶಕರ ಗಮನವೆಲ್ಲ ಆ ಕಾಲದ ಕಡೆಗೇ ಹರಿದಿದೆ. ಅದು ನ್ಯಾಯವೇ, ಆದರೆ ಅಪೂರ್ಣಭೂತದ ಪ್ರಭಾವವು ಅದಕ್ಕೆ ಮುಂಚೆ ಬಂದು ಹಿಂಜರಿದ ಸೋಪಾಧಿಕದಿಂದ ಎಷ್ಟು ಮಟ್ಟಿಗೆ ಉಂಟಾಗಿದೆಯೆಂಬುದನ್ನೂ ನೋಡಬೇಕಾಗಿದೆ.

ಕನ್ನಡದ ಅನುವಾದಕನ ನಿಜವಾದ ಸಂಕಟ ಇಲ್ಲಿದೆ. ಇಲ್ಲಿ ಇಂಗ್ಲಿಷನ್ನು ದೂರಿ ಪ್ರಯೋಜನವಿಲ್ಲ. ತೊಡಕು ನಮ್ಮ ಭಾಷೆಯದೇ. 'ನೋಡುತ್ತಿದ್ದಳು' ಎಂಬುದು ನಮ್ಮಲ್ಲಿ ಅಪೂರ್ಣಭೂತವೂ ಹೌದು, 'ಹೋಗಿದ್ದರೆ ನೋಡುತ್ತಿದ್ದಳು' ಎಂಬಲ್ಲಿ ನಡೆಯದ ಫಲವೂ ಹೌದು. ಫ್ರೆಂಚಿಗೂ ಈ ಸೆಳೆತ ಇಲ್ಲದಿಲ್ಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬೀಳುತ್ತಿದ್ದೆ ಎಂಬ ಮಾತಿನಲ್ಲಿ, ಅಪಾಯ ಕೂದಲೆಳೆಯಲ್ಲಿ ತಪ್ಪಿತೆಂದು ತೋರಿಸಲು, ಅವರೂ ಸೋಪಾಧಿಕವನ್ನು ಬಿಟ್ಟು ಅಪೂರ್ಣಭೂತವನ್ನು ಬಳಸುವುದುಂಟು. ಆದರೆ ಅವರಿಗೆ ಅದು ವಿಶೇಷ, ನಮಗೆ ನಿತ್ಯ. ಆದುದರಿಂದ ಏಳನೆಯ ಅಧ್ಯಾಯವನ್ನು ಎಚ್ಚರಿಕೆಯಿಲ್ಲದೆ ಕನ್ನಡಿಸಿದರೆ ಮೊದಲಿನಿಂದ ಕೊನೆಯವರೆಗೆ 'ತ್ತಿದ್ದ'ಗಳ ಸಾಲೇ ಸಾಲು. ಎಮ್ಮಾ ಯಾವ ವಾಕ್ಯದಲ್ಲಿ ಕಲ್ಪನೆಯಿಂದ ನಂಬಿಕೆಗೆ ಜಾರಿದಳೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಅವಳು ಬರಿಯ ಹಗಲುಗನಸಿನ ಹೆಂಗಸಾಗಿ ಕಾಣುತ್ತಾಳೆ.

ಉಪಾಯಗಳಿಲ್ಲವೆಂದಲ್ಲ. ಸೋಪಾಧಿಕದ ಎಡೆಗಳಲ್ಲಿ 'ಸಿಕ್ಕಿರುತ್ತಿದ್ದನೇನೋ', 'ಇರಬಹುದಾಗಿತ್ತು' ಎಂಬ ತುಂಬುರೂಪಗಳನ್ನು ಬಿಡದೆ ಬಳಸಿ, ಅಪೂರ್ಣಭೂತದ ಎಡೆಗಳಲ್ಲಿ 'ತ್ತಿದ್ದ' ಎಂಬುದನ್ನು ಸಾಧ್ಯವಾದಷ್ಟೂ ಬಿಟ್ಟು 'ಗದ್ದಲವಿತ್ತು, ಬೆಳಕಿತ್ತು' ಎಂದು ಬರಿಯ ಇರವನ್ನು ಹೇಳಿದರೆ ಏಣಿಯ ಮೆಟ್ಟಿಲುಗಳು ಸ್ವಲ್ಪಮಟ್ಟಿಗೆ ಕಂಡಾವು. 'ಅಂತೆ'ಯನ್ನು ಮಾತ್ರ ಇಲ್ಲಿ ತರಬಾರದು. ಅದು ಬಂದೊಡನೆ ಕಥೆ ಹೇಳುವವನೊಬ್ಬನು ಎಮ್ಮಾಳ ಪಕ್ಕದಲ್ಲಿ ಬಂದು ಕುಳಿತು ನಕ್ಕಂತಾಗುತ್ತದೆ. ಫ್ಲೋಬೇರನು ಅಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಪಾತ್ರದ ಮಾತಿಗೂ ಕರ್ತೃವಿನ ಮಾತಿಗೂ ನಡುವೆ 'ಎಂದು' ಎಂಬ ಗೋಡೆಯಿಲ್ಲದ ಈ ಗದ್ಯಕ್ಕಾಗಿಯೇ ಅವನನ್ನು ೧೮೫೭ರಲ್ಲಿ ನೀತಿಬಾಹಿರತೆಯ ಆರೋಪದ ಮೇಲೆ ನ್ಯಾಯಾಲಯಕ್ಕೆ ಎಳೆದರೆಂದರೆ ಪೂರ್ಣ ಸತ್ಯವಾಗದಿದ್ದರೂ, ಆ ವಿಚಾರಣೆಯಲ್ಲಿ ಇದು ಯಾರ ಅಭಿಪ್ರಾಯ ಎಂಬ ಪ್ರಶ್ನೆ ಅಡಗಿದ್ದುದು ನಿಜ. ಅದೇ ವರ್ಷ ಫೆಬ್ರುವರಿ ೭ರಂದು ಅವನ ಬಿಡುಗಡೆಯಾಯಿತು.

ಭೂತ-ಸೋಪಾಧಿಕವನ್ನು ಇಷ್ಟು ಬಲ್ಲವನು ಅದನ್ನು ಬಿಟ್ಟುಕೊಟ್ಟ ಒಂದು ಎಡೆಯನ್ನೂ ಇಲ್ಲಿ ಹೇಳಬೇಕು. ೧೮೬೯ರಲ್ಲಿ ಹೊರಬಂದ 'ಲೆದ್ಯುಕಾಸ್ಯೋಂ ಸಾಂತಿಮಾಂತಾಲ್' ಎಂಬ ಕಾದಂಬರಿಯ ಕೊನೆಗೆ, ೧೮೬೭ರ ಮಾರ್ಚಿಯ ಒಂದು ಸಂಜೆ, ಮದಾಮ್ ಆರ್ನೂ ಬಹುವರ್ಷಗಳ ಮೇಲೆ ಫ್ರೆದೆರಿಕನನ್ನು ನೋಡಲು ಬರುತ್ತಾಳೆ. ಇಬ್ಬರ ಪ್ರೇಮವೂ ಫಲಿಸಲಿಲ್ಲ. ಅವಳ ಕೂದಲು ನರೆತಿದೆ. ಇಲ್ಲಿ ಯಾವ ಲೇಖಕನಾದರೂ ಅವಳ ಬಾಯಲ್ಲಿ ಭೂತ-ಸೋಪಾಧಿಕವನ್ನು ಇಡುತ್ತಿದ್ದನು: ನಾವು ಪ್ರೀತಿಸಿರುತ್ತಿದ್ದೆವು, ಹೀಗಾಗಿದ್ದರೆ, ಹಾಗಾಗಿದ್ದರೆ. ಅವಳು ಆಡುವುದು ಪೂರ್ವಭವಿ‌ಷ್ಯತ್ತಿನಲ್ಲಿ, ಸಂದುಹೋದ ಲೆಕ್ಕವನ್ನು ಮುಂದಿನ ಒಂದು ದಿನದಿಂದ ಹಿಂದಿರುಗಿ ನೋಡುವವಳಂತೆ. ಫ್ರೆಂಚಿನಲ್ಲಿ ಎರಡು ರೂಪಗಳಿಗೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಒಂದು 'ಸರೋಂ', ಇನ್ನೊಂದು 'ಸರ್ಯೋಂ'. ಕನ್ನಡದಲ್ಲಿಯೂ 'ಪ್ರೀತಿಸಿರುತ್ತೇವೆ' ಎಂಬುದಕ್ಕೂ 'ಪ್ರೀತಿಸಿರುತ್ತಿದ್ದೆವು' ಎಂಬುದಕ್ಕೂ ನಡುವೆ ಬಹಳ ದೂರವಿಲ್ಲ. ಅಚ್ಚಿನ ತಪ್ಪೆಂದು ಭಾವಿಸಿ ಯಾರಾದರೂ ತಿದ್ದಿಯಾರೆಂಬುದೊಂದೇ ನಮ್ಮ ಭಯ.